ನಾಲ್ಕನೆಯ ಪಟ್ಟಿ

ಆದವಾನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ
ಮೊನ್ನೆ ಆರು ಹಾಸಿಗೆ ಬಿಡಿಸಿದೆ.
ಆರನ್ನೂ ಹಿಂಜಿದವನು ಅಪ್ಪ, ಹೊಲಿದವನೂ;
ಮೂಲೆಯ ಗಂಟು ನೋಡಿಯೇ ಹೇಳಬಲ್ಲೆ.
ಕೊಳವೆಯ ಬಾಯಿಗೆ ಸಣ್ಣ ಬಲೆ ಕಟ್ಟಿ
ಒಂದು ಚದರ ಮೀಟರು, ಎರಡು ನಿಮಿಷ ಹೀರಿದರೆ
ಸೀಸೆಯಲ್ಲಿ ಒಂದು ಚಿಟಿಕೆ ಬೂದು.
ಮನೆಯವರು ಕೇಳಿದರು: ಇದರಾಗೇನು ಬಂಗಾರ ಐತೇನು?

ಬಂಗಾರವಲ್ಲ, ನುಸಿ.
ಕಣ್ಣಿಲ್ಲ ಅದಕ್ಕೆ, ಕಾಲು ಎಂಟು.
ರಾತ್ರಿ ಹೊರಳುವಾಗ ನಾವು ಉದುರಿಸುವ
ಚರ್ಮದ ಹೊಟ್ಟೇ ಅದರ ಜೋಳದ ರೊಟ್ಟಿ.
ಕಚ್ಚುವುದಿಲ್ಲ, ಕದಿಯುವುದಿಲ್ಲ,
ಬಿಟ್ಟದ್ದನ್ನು ತಿಂದು ಹಿಕ್ಕೆ ಹಾಕುತ್ತದೆ.
ಆ ಹಿಕ್ಕೆಯೊಳಗೆ, ಇನ್ನೂ ಹರಿತವಾಗಿ,
ಅದರ ಕರುಳಿನ ಕತ್ತರಿ:
ಒಂದು ಪ್ರೋಟೀನು.

ಅಪ್ಪನ ಬಿಲ್ಲಿಗೂ ಕರುಳೇ, ಕುರಿಯದು.
ಒಣಗಿಸಿ, ಹೊಸೆದು, ಬಿಗಿದು ಕಟ್ಟಿದ ನಾರಿ.
ಝೈಂ ಟಕ್, ಝೈಂ ಟಕ್,
ನಲವತ್ತೆರಡು ವರ್ಷ ಹಳೆಯ ಹಾಸಿಗೆಗಳ ಹತ್ತಿ
ಮೋಡವಾಗಿ ಎದ್ದು ಅವನ ಮೀಸೆಯ ಮೇಲೆ ಕೂತಿತು.
ಊರಿನ ನಿದ್ದೆಯನ್ನೆಲ್ಲ ಉಸಿರಾಡಿದವನು
ತಾನು ಮಾತ್ರ ಕೂತೇ ನಿದ್ದೆ ಮಾಡಿದ,
ಗೋಡೆಗೆ ದಿಂಬು ಕೊಟ್ಟು,
ಎದೆಯೊಳಗೆ ಬೆಕ್ಕಿನ ಮರಿಯೊಂದನ್ನು ಕೂಗಲು ಬಿಟ್ಟು.

ಕಾಲೇಜಿನ ಹಿಂದಿನ ಕೋಣೆ. ಎರವಲು ತಂದ ಜೆಲ್ ತೊಟ್ಟಿ.
ಧೂಳನ್ನು ಉಪ್ಪುನೀರಲ್ಲಿ ನೆನೆಹಾಕಿ, ಸೋಸಿ,
ಪುಟ್ಟ ಗುಳಿಗಳಿಗೆ ಇಳಿಸಿ ಕರೆಂಟು ಕೊಟ್ಟರೆ
ಹಗುರದವು ಮುಂದೋಡುತ್ತವೆ, ಭಾರದವು ಏದುತ್ತವೆ.
ಮೊದಲ ಸಲ ಅರ್ಧಕ್ಕೇ ಕರೆಂಟು ಹೋಯಿತು.
ಎರಡನೆಯ ಸಲ ನಾನೇ ಕೈ ನಡುಗಿ ಚೆಲ್ಲಿದೆ.
ಮೂರನೆಯದು ನಿಂತಿತು.

ಆಮೇಲೆ ರಕ್ತದ ಸರದಿ.
ತೆಳು ಪೊರೆಯ ಮೇಲೆ ಸಾಲಾಗಿ ನಿಲ್ಲಿಸಿದ ಪ್ರೋಟೀನುಗಳ ಮುಂದೆ
ದಮ್ಮಿನವರ ಸೀರಂ, ಒಬ್ಬೊಬ್ಬರದೇ,
ಠಾಣೆಯ ಗುರುತು ಪರೇಡಿನ ಹಾಗೆ.
ಯಾರ ರಕ್ತ ಯಾವುದನ್ನು ಬೊಟ್ಟು ಮಾಡುತ್ತದೋ
ಅಲ್ಲಿ ಕಪ್ಪು ಗೆರೆ.
ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ.
ಆದರೂ ನಾಲ್ಕನೆಯ ಪಟ್ಟಿ ಯಾರದೆಂದು ಗೊತ್ತು,
ಸೂಜಿ ಚುಚ್ಚಿದವಳು ನಾನೇ.

ಇಪ್ಪತ್ತೈದರ ಎತ್ತರದಲ್ಲೊಂದು ಗೆರೆ: ಕತ್ತರಿ. ಎಲ್ಲರಲ್ಲೂ ಇತ್ತು.
ಹದಿನಾಲ್ಕರಲ್ಲೊಂದು: ಅದೂ ಪುಸ್ತಕದಲ್ಲಿದೆ.
ಅವೆರಡರ ನಡುವೆ, ನಾಲ್ಕನೆಯದರಲ್ಲಿ ಮಾತ್ರ,
ಕಾಡಿಗೆ ತೀಡಿದಂಥ ಇನ್ನೊಂದು.
ನಾನು ಹುಡುಕಿದ ಯಾವ ಯಾದಿಯಲ್ಲೂ ಇಲ್ಲ.

ಸಂಜೆ ಅಂಗಡಿಯ ಕಟ್ಟೆಯಲ್ಲಿ ಹೇಳಿದೆ.
ಪಂಪು ಎರಡು ಸಲ ಎಳೆದು, ಉಸಿರು ಹಿಡಿದು, ಹತ್ತೆಣಿಸಿ
ಹೊನ್ನೂರಸಾಬ ಕೇಳಿದ:
"ಅದರ ಹೆಸರೇನವ್ವ?"
ಇನ್ನೂ ಇಟ್ಟಿಲ್ಲ. ಅದರ ಕೊಂಡಿಗಳ ಸಾಲು ಓದಬೇಕು,
ಇನ್ನೂ ನಲವತ್ತು ಜನರ ರಕ್ತ ಬೇಕು,
ಒಬ್ಬನ ಸಾಕ್ಷಿ ನಡೆಯುವುದಿಲ್ಲ.
"ನಡೆಯಂಗಿಲ್ಲ" ಅಂದ, ನಕ್ಕ, ಕೆಮ್ಮಿದ.
"ಇಷ್ಟು ವರ್ಷ ಎದಿ ಮ್ಯಾಲೆ ಕುಂತದ್ದು,
ಅದಕ್ಕ ನಾನಾರ ಗೊತ್ತೇನು?"

ಗೊತ್ತಿಲ್ಲ ಅಪ್ಪ. ಅದರದು ಹೊಟ್ಟೆಪಾಡು.
ಜಗಳ ತೆಗೆದದ್ದು ನಿನ್ನ ರಕ್ತ.

ಅವನು ಮೊಣಕೈಯ ಒಳಬದಿ ನೋಡಿಕೊಂಡ, ಸೂಜಿ ಹೋದ ಕಡೆ.
ಆಮೇಲೆ ಎದ್ದು, ಗೂಟದಲ್ಲಿ ತೂಗಿದ್ದ ಬಿಲ್ಲಿನ ನಾರಿಯನ್ನು
ಒಂದೇ ಬೆರಳಲ್ಲಿ ಮೀಟಿದ.
ನಾನು ದುಪಟ್ಟಾ ಮೂಗಿಗೆ ಹಿಡಿದೆ.
ಬಾಗಿಲ ಬಿಸಿಲುಕೋಲಲ್ಲಿ ಎದ್ದ ಧೂಳು
ನಮ್ಮಿಬ್ಬರ ನಡುವೆ ಇಳಿಯಲು
ತುಂಬ ಹೊತ್ತು ಹಿಡಿಯಿತು.