ಕೈಗೆ ಸಿಗದ್ದೇ ಬೇಕು

ರಾತ್ರಿ ಹತ್ತಕ್ಕೆ ಪಾಯಿಂಟ್ ಲೋಮಾ ಬಿಟ್ಟ ದೋಣಿ
ಹತ್ತೇ ನಿಮಿಷಕ್ಕೆ ನಿಲ್ಲುತ್ತದೆ
ಕೊಲ್ಲಿಯಲ್ಲಿ ತೇಲುವ ಬಲೆಪಂಜರದ ಪಕ್ಕ.
ಎರೆ ತುಂಬಿಕೊಳ್ಳುವುದು ಅಲ್ಲಿ.
ಪೆಲಿಕನ್ನುಗಳು ಸಾಲಾಗಿ ಕೂತಿವೆ, ಸಾಲ ಕೊಟ್ಟವರ ಹಾಗೆ.
ಕಡಲಸಿಂಹವೊಂದು ಹಲಗೆಯ ಮೇಲೆ ಮಲಗಿ
ಒಂದೇ ಕಣ್ಣಲ್ಲಿ ಲೆಕ್ಕ ಇಡುತ್ತಿದೆ.

ಮೊಗೆಬಲೆ ಮುಳುಗಿಸಿ ಎತ್ತಿ ತೊಟ್ಟಿಗೆ ಸುರಿಯುತ್ತೇವೆ
ಸಾರ್ಡೀನ್:
ಬೆಳ್ಳಿಯ ಚಿಲ್ಲರೆ, ಒದ್ದಾಡುವ ಚಿಲ್ಲರೆ,
ಹದಿನಾಲ್ಕು ಮೊಗೆ.
ಹದಿನೈದನೆಯದರಲ್ಲಿ ಅರ್ಧ ಪೆಲಿಕನ್ನಿಗೆ, ಬಡ್ಡಿ.

ನಾನು ಅಡೆಲಿನೊ, ತೊಟ್ಟಿ ಕಾಯುವವ.
ಅಜ್ಜ ಬಿದಿರುಗೋಲಲ್ಲಿ ಟ್ಯೂನಾ ಎತ್ತಿ ಬೆನ್ನ ಹಿಂದೆ ಎಸೆಯುತ್ತಿದ್ದನಂತೆ.
ಅಪ್ಪ ಕಾರ್ಖಾನೆಯಲ್ಲಿ ಅದನ್ನೇ ಡಬ್ಬಿಗೆ ತುಂಬಿದ.
ನನ್ನ ಪಾಲಿಗೆ ಉಳಿದದ್ದು
ಟಿಕೆಟ್ಟು ಕೊಂಡು ಬಂದವರಿಗೆ
ಆರಿಸುವುದನ್ನು ಕಲಿಸುವ ಕೆಲಸ.
ಬೆಳಗಿನ ಜಾವ, ಕಾಫಿಯಲ್ಲೂ ಡೀಸೆಲ್ ವಾಸನೆ,
ಹೇಳುತ್ತೇನೆ, ಇಪ್ಪತ್ತೆರಡು ವರ್ಷದಿಂದ ಹೇಳಿದ್ದನ್ನೇ:

ಮೊದಲು ಕೈ ಒದ್ದೆ ಮಾಡಿಕೊಳ್ಳಿ.
ಒಣಗೈ ತಾಗಿದರೆ ಹುರುಪೆ ಉದುರುತ್ತದೆ,
ಹುರುಪೆ ಹೋದದ್ದು ಹೆಚ್ಚು ಹೊತ್ತು ಈಜದು.
ಮೂಗು ಕೆಂಪಾದದ್ದು ಬೇಡ,
ರಾತ್ರಿಯಿಡೀ ಗೋಡೆಗೆ ಗುದ್ದಿಕೊಂಡು ಸೋತದ್ದು ಅದು.
ಬೆನ್ನು ಹಸಿರಾಗಿರಲಿ.
ತಾನಾಗಿ ಅಂಗೈಗೆ ಬರುವುದನ್ನು ಬಿಟ್ಟುಬಿಡಿ.
ಮೂರು ಸಲ ಬೆರಳಿಂದ ಜಾರಿತಲ್ಲ,
ಅದು.
ಕೈಗೆ ಸಿಗದ್ದೇ ಬೇಕು.

ಬಿಕ್ ಮೇಡಂ ಉಗುರಿನ ಅಂಗಡಿ ಇಟ್ಟವರು,
ಪರರ ಬೆರಳು ಹಿಡಿದು ಪಳಗಿದ ಕೈ.
ಮೀನನ್ನೂ ಹಾಗೇ ಹಿಡಿಯುತ್ತಾರೆ,
ನೋಯದಂತೆ, ಬಿಡದಂತೆ.
ರೆಮೆದಿಯೊಸ್‌ಗೆ ಈ ತೊಟ್ಟಿಯೇ ಬೇಡ.
ಮನೆಯಿಂದ ತಂದ ಹೆಪ್ಪುಗಟ್ಟಿದ ಸ್ಕ್ವಿಡ್ಡನ್ನು
ಹಲಗೆಯ ಮೇಲೆ ಹೆಚ್ಚುತ್ತಾ ಅನ್ನುತ್ತಾಳೆ,
'ಸತ್ತದ್ದರ ಮೇಲೆ ನಂಬಿಕೆ ಇಡಬಹುದು, ಅಡೆಲಿನೊ.'

ಪ್ರೂಯಿಟ್ ಮೊದಲ ಸಲ ಬಂದವನು.
ನನ್ನ ಪಾಠ ಮುಗಿಯುವ ಮೊದಲೇ ತೋಳು ಮಡಚಿ,
ಸುಮ್ಮನೆ ನೋಡುತ್ತಾ ನಿಂತು,
ಒಮ್ಮೆಗೇ ಕೈ ಹಾಕಿದ.
ನಾಲ್ಕು ಎತ್ತಿದ. ನಾಲ್ಕೂ ನಾನೇ ಎತ್ತಿಟ್ಟುಕೊಳ್ಳುವಂಥವು.
'ಎಲ್ಲಿ ಕಲಿತೆ ಮಾರಾಯ?'
'ಉದ್ಯೋಗವೇ ಇದು' ಎಂದ.
'ಹೈಸ್ಕೂಲಿನ ಊಟದ ಹಾಲಿನಲ್ಲಿ ಮೇಜು ಹಾಕಿ ಕೂರುತ್ತೇನೆ,
ನೌಕಾದಳಕ್ಕೆ ಹುಡುಗರನ್ನು ಸೇರಿಸುವುದಕ್ಕೆ.'
ಎಲ್ಲರೂ ನಕ್ಕರು. ಅವನೂ ನಕ್ಕ.
ಆಮೇಲೆ ತೊಟ್ಟಿಯ ಪಂಪಿನ ಸದ್ದು
ಯಾಕೋ ಹೆಚ್ಚು ಕೇಳಿಸಿತು.

ರೆಮೆದಿಯೊಸ್ ತಲೆ ಎತ್ತಲಿಲ್ಲ.
ಅವಳ ಮಗ, ಬರುವ ತಿಂಗಳಿಗೆ ಹದಿನೆಂಟು,
ದೋಣಿಯ ಮೂತಿಯಲ್ಲಿ ಕಂಬಿ ಹಿಡಿಯದೆ ನಿಂತಿದ್ದ,
ಅಲೆ ಎತ್ತಿದಾಗ ಎತ್ತಿದಂತೆ, ಇಳಿಸಿದಾಗ ಇಳಿಸಿದಂತೆ
ಕಾಲು ಕದಲದೆ.
ಪ್ರೂಯಿಟ್ ಅತ್ತ ನೋಡಿದ.
ನೋಡಿದ್ದನ್ನು ನಾನೂ ನೋಡಿದೆ.
ಮೊಗೆಬಲೆಯನ್ನು ಅವನಿಗೂ ಆ ಹುಡುಗನಿಗೂ ನಡುವೆ
ಸುಮ್ಮನೆ ಒರಗಿಸಿಟ್ಟೆ. ಯಾಕೆಂದು ಗೊತ್ತಿಲ್ಲ.

ಇನ್ನೊಂದು ಮಾತು, ಹೇಳಲು ಮರೆತಿದ್ದೆ:
ಮೂಗಿಗೆ ಗಾಳ ಚುಚ್ಚಿದ ಮೇಲೂ ಒಳ್ಳೆಯ ಎರೆ
ದೋಣಿ ಬಿಟ್ಟು ದೂರ ದೂರ ಈಜುತ್ತದೆ.
ತಪ್ಪಿಸಿಕೊಂಡೆ ಅಂದುಕೊಳ್ಳುತ್ತದೋ ಏನೋ.
ತಡೆಯಬಾರದು.
ನೂಲು ಬಿಡುತ್ತಾ ಇರಬೇಕು.

ಆ ದಿನದ ದೊಡ್ಡ ಯೆಲ್ಲೋಟೇಲ್
ರೆಮೆದಿಯೊಸ್‌ಳ ಸತ್ತ ಸ್ಕ್ವಿಡ್ಡಿಗೇ ಬಿತ್ತು.
ಮಗನನ್ನು ಕೂಗಿದಳು, ಇಬ್ಬರೂ ಸೇರಿ ಎಳೆದರು,
ಬೈದಾಡಿಕೊಂಡು, ಒಬ್ಬರ ಕಾಲು ಒಬ್ಬರು ತುಳಿದು.
ಪ್ರೂಯಿಟ್ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ.
ಕೆಟ್ಟವನಲ್ಲ. ಇಳಿಯುವಾಗ ಒದ್ದೆ ನೋಟೊಂದನ್ನು
ನನ್ನ ಜೇಬಿಗೆ ತುರುಕಿದ.

ದಡಕ್ಕೆ ಬರುವ ಮುನ್ನವೇ ತೊಟ್ಟಿ ಬರಿದು ಮಾಡಿದ್ದೆ.
ಉಳಿದಿದ್ದವು ಯಾರಿಗೂ ಬೇಡವಾದವು,
ಕೆಂಪು ಮೂಗಿನವು, ಹುರುಪೆ ಹರಿದವು.
ಬುಟ್ಟಿಯಲ್ಲೆತ್ತಿ ಕಡಲಿಗೆ ಸುರಿದೆ.
ಗಲ್ ಹಕ್ಕಿಗಳು ಕೆಲವನ್ನು ಗಾಳಿಯಲ್ಲೇ ಹಿಡಿದವು,
ಕೆಲವು ಅಡ್ಡ ತೇಲಿದವು,
ಕೆಲವು, ನಾಲ್ಕೋ ನಲವತ್ತೋ,
ನೆಟ್ಟಗೆ ಕೆಳಗಿಳಿದವು.

ಎಷ್ಟೆಂದು ಆ ಕಡಲಸಿಂಹವನ್ನು ಕೇಳಬೇಕು.