ಬೂದಿ ಬಣ್ಣದ ಮಫ್ಲರು

ತ್ಬಿಲಿಸಿಯಲ್ಲಿ ಕರೆಂಟು ಹೋಗಿ ಇಂದಿಗೆ ಒಂಬತ್ತು ದಿನ.
ಸೀಮೆಎಣ್ಣೆ ಒಲೆಗಾದರೂ ಉಳಿಯಲೆಂದು
ದೀಪ ಹಚ್ಚಿಲ್ಲ.

ಉಚಾ ನಡುರಾತ್ರಿಯೇ ಹೋದ, ಬ್ರೆಡ್ಡಿನ ಸಾಲಿಗೆ,
ಕೊರಳಲ್ಲಿ ನಾನು ಹೆಣೆದ ಮಫ್ಲರು.
ಮಂಜಿಷ್ಠದ ಬೇರು ಕುದಿಸಿ ಮೂರು ಸಲ ಅದ್ದಿದ ಕೆಂಪು,
ಅವ್ಲಬಾರಿಯ ಆ ತುದಿಯಿಂದಲೇ ಕಾಣಲಿ ಎಂದು.
ಎಂಥ ಪೆದ್ದಿ ನಾನು.
ಕತ್ತಲಲ್ಲಿ ಕೆಂಪೆಲ್ಲಿ?

ಕಿಟಕಿಯ ಕಟ್ಟೆಯ ಮೇಲೆ ಫೀಸೊ.
ಅವಳಿಗೆ ಹಗಲಲ್ಲೂ ಆ ಕೆಂಪು ಇಲ್ಲವಂತೆ;
ಸಿಗರೇಟು ಕೇಳಲು ಬಂದ ಮೇಲಿನ ಮನೆಯ
ಕಣ್ಣಿನ ಡಾಕ್ಟರು ಎಲಿಜ್ಬಾರ್ ಹೇಳಿದ್ದರು:
ನೀಲಿ ಗೊತ್ತು, ಹಳದಿ ಒಂದಿಷ್ಟು,
ನಾಜಿಬ್ರೋಲಾ, ನಿನ್ನ ಕೆಂಪು ಅವಳಿಗೆ ಬರೀ ಬೂದಿ.
ಆದರೆ ಕಣ್ಣ ಹಿಂದೊಂದು ಕನ್ನಡಿಯಿದೆ,
ತಪ್ಪಿಸಿಕೊಂಡು ಹೊರಟ ಬೆಳಕನ್ನು
ಮತ್ತೊಮ್ಮೆ ಒಳಗೆ ಕರೆಯುತ್ತದೆ.

ಕಣ್ಣು ಮುಚ್ಚಿ ಹಾಲು ಕುಡಿಯುವ ಜಾತಿಯೆಂದು ಹಂಗಿಸಿದ್ದೆ.
ಈ ಮನೆ ಹಾಲು ಕಂಡು ತಿಂಗಳಾಯಿತು.
ಈಗ ನಾನೇ ಕಣ್ಣು ಮುಚ್ಚಿ ಕೂತಿದ್ದೇನೆ,
ತೆರೆದರೂ ಅಷ್ಟೇ.

ಅವಳ ಪಾಪೆ ಹಿಗ್ಗಿ ಕಣ್ಣು ತುಂಬಿರಬೇಕು.
ಮೋಡದ ಸಂದಿಯಲ್ಲೊಂದು ಚುಕ್ಕಿ ಸಾಕು ಅವಳಿಗೆ,
ನದಿಯಾಚೆ ಯಾರೋ ಗೀರಿದ ಕಡ್ಡಿ ಸಾಕು.
ನನಗೆ ಅವಳ ಬೆನ್ನು.
ಕೈಯಿಟ್ಟುಕೊಂಡೇ ಇದ್ದೇನೆ, ಕುರುಡರು ಅಕ್ಷರದ ಮೇಲಿಟ್ಟಂತೆ.

ಗುರುಗುರು ನಿಂತಿತು.
ರೋಮದಡಿ ಏನೋ ಬಿಗಿಯಿತು, ಸಡಿಲಾಯಿತು.
ಬಾಲ ಮೆಲ್ಲಗೆ ಎದ್ದು
ನನ್ನ ಮಣಿಕಟ್ಟಿಗೆ ತಾಗಿತು.

ಬೀದಿಯಲ್ಲಿ ಬೂದಿ ಬಣ್ಣದ ಮಫ್ಲರೊಂದು
ಬರುತ್ತಿರಬೇಕು,
ಎಡಗಾಲು ಎಳೆಯುತ್ತ,
ಬ್ರೆಡ್ಡು ಸಿಕ್ಕಿದ್ದರೆ ಬ್ರೆಡ್ಡಿನೊಡನೆ.