ಹನ್ನೆರಡು ಪಿನ್ನು

ಮಾಲಕಿ ಟಿಯರ್ನನ್ ತೀರಿಕೊಂಡನೆಂದು
ಕಿಲ್ಬರ್ನಿನ ಪಬ್ಬಿನ ಹುಡುಗ ಫೋನು ಮಾಡಿದ.
ಯಾರು? ಎಂದುಬಿಟ್ಟೆ.
ಜೀವಮಾನವಿಡೀ ಎಲ್ಲರೂ ಅವನನ್ನು ಕೇಳಿದ್ದು ಅದನ್ನೇ:
ಎಲ್ಲೋ ನೋಡಿದ ಹಾಗಿದೆಯಲ್ಲ, ಯಾರು?
ಹದಿನಾರನೇ ನಂಬರಿನ ಬಸ್ಸಿನಲ್ಲಿ ಒಬ್ಬಾಕೆ
ನಲ್ಲಿ ರಿಪೇರಿಗೆ ಬಂದವನು ನೀನೇ ಎಂದು ಜಗಳ ತೆಗೆದಳು,
ಇನ್ನೂ ಸೋರುತ್ತಿದೆಯಂತೆ.
ಇವನು ಕ್ಷಮೆ ಕೇಳಿದ. ಗುರುವಾರ ಬರುತ್ತೇನೆಂದ.
ಹೋಗಿದ್ದನೂ ಇರಬೇಕು.

ಪಾದ್ರಿ, ಪೇದೆ, ಗೋರಿ ತೋಡುವವ,
ಕುದುರೆ ಹಿಡಿದು ನಿಂತವ,
ನಾಯಕನಿಗೆ ದಾರಿ ತೋರಿಸಿ
ಮುಂದಿನ ದೃಶ್ಯದಲ್ಲಿ ಗುಂಡು ತಿಂದವ.
ಟೀವಿಯಲ್ಲಿ ಅವನು ಸಾಯುವುದನ್ನು
ಬಿಯರು ಹೀರುತ್ತ ಅವನ ಜೊತೆಗೇ ಕೂತು ನೋಡಿದ್ದೇನೆ.
‘ಎಡಗೈ ನೋಡು,’ ಎನ್ನುತ್ತಿದ್ದ,
‘ಮುಷ್ಟಿಯಲ್ಲಿ ವಾಪಸು ಹೋಗುವ ಬಸ್ ಟಿಕೀಟು.’

ಲೀಟ್ರಿಮ್ಮಿನಲ್ಲಿ ಹುಟ್ಟಿದವನಿಗೆ
ಸರ್ರೆ ಕಡೆಯ ಹುಡುಗರು, ನಿರ್ದೇಶಕರು, ಹೇಳುತ್ತಿದ್ದರು:
ಇನ್ನೊಂಚೂರು ಐರಿಷ್ ಆಗಿ, ಮಾಲಕಿ.
ಕೊಡುತ್ತಿದ್ದ, ತೂಕ ಮುಗಿದ ಮೇಲೆ
ತರಕಾರಿಯವ ಕೊಸರು ಹಾಕಿದ ಹಾಗೆ.
ಅವನ ನಿಜವಾದ ಮಾತು ನನ್ನ ಕಿವಿಗೆ ಬಿದ್ದದ್ದು ಒಂದೇ ಸಲ,
ಬಣ್ಣದ ಮನೆಯ ಬಾಗಿಲಿಗೆ ಬೆರಳು ಸಿಕ್ಕಿದಾಗ.

ಎಪ್ಪತ್ತೊಂಬತ್ತರ ಫೆಬ್ರವರಿ. ಬುಧವಾರದ ಮಧ್ಯಾಹ್ನದಾಟ.
ರಾಜನಾಗುವವನಿಗೆ ಗಂಟಲು ಕಟ್ಟಿತು.
ಹನ್ನೊಂದು ವರ್ಷ ಬೇರೆಯವರ ಮಾತು ಬಾಯಿಪಾಠ ಮಾಡಿ
ಸೈಡ್ ವಿಂಗಿನ ಕತ್ತಲಲ್ಲಿ ಕೂತಿದ್ದವನು ಎದ್ದ.
ನಿಲುವಂಗಿಯೋ, ಇನ್ನೊಬ್ಬ ಮಾಲಕಿ ಒಳಗೆ ಹಿಡಿಸುವಷ್ಟು ದೊಗಳೆ.
ಬೆನ್ನ ಮೇಲೆ ಮಡಿಸಿ ಮಡಿಸಿ
ಹನ್ನೆರಡು ಪಿನ್ನು ಚುಚ್ಚಿದೆ. ಹೇಳಿದೆ:
ಬೆನ್ನು ತೋರಿಸಬೇಡ, ಅಷ್ಟೇ.

ಎರಡೂಮುಕ್ಕಾಲು ಗಂಟೆ ತೋರಿಸಲಿಲ್ಲ.
ತಮ್ಮನನ್ನು ಶಪಿಸಿ ಹೊರನಡೆಯುವಲ್ಲಿ,
ಕೊನೆಗೆ ಕೋಟೆ ಬಿದ್ದು
ನಾಟಕದ ಪ್ರಕಾರವೇ ಓಡಿಹೋಗಬೇಕಾದಲ್ಲಿ
ಒಂದೊಂದೇ ಹೆಜ್ಜೆ, ಹಿಂದುಹಿಂದಕ್ಕೆ,
ಸೋಲಿನ ಮುಖವನ್ನೇ ದಿಟ್ಟಿಸುತ್ತ.
ಅರವತ್ತು ಜನ. ಅದರಲ್ಲಿ ನಲವತ್ತು ಸ್ಕೂಲು ಮಕ್ಕಳು.
ಚಿಪ್ಸ್ ಪೊಟ್ಟಣಗಳ ಪರಪರ
ಯಾವಾಗ ನಿಂತಿತೋ ಗೊತ್ತಿಲ್ಲ.

ಜೇನುತುಪ್ಪ ನೆಕ್ಕಿ ಸಂಜೆಗೆ ದೊಡ್ಡವರ ಗಂಟಲು ಬಿಟ್ಟಿತು.
ಮಾಲಕಿ ಮತ್ತೆ ಎರಡನೇ ಕಾವಲುಗಾರ,
ಈಟಿ, ಮೌನ, ‘ಯಾರಲ್ಲಿ?’

ಆಟ ಮುಗಿದ ಮೇಲೆ ಬೆಂಕಿಪೊಟ್ಟಣದಲ್ಲಿ
ಪಿನ್ನು ತಂದುಕೊಟ್ಟ. ಎಣಿಸಿದೆ. ಹನ್ನೊಂದು.
ಇನ್ನೊಂದೆಲ್ಲಿ? ಎಂದೆ.
ನೆಲಕ್ಕೆ ಬಗ್ಗಿ, ಕುರ್ಚಿ ಸರಿಸಿ, ಕಣ್ಣು ಕಿರಿದು ಮಾಡಿ
ಕಳೆದದ್ದನ್ನು ಹುಡುಕುವವನ ಪಾತ್ರವನ್ನು
ಎಷ್ಟು ಚೆನ್ನಾಗಿ ಮಾಡಿದನೆಂದರೆ
ನಾನೂ ಮಂಡಿಯೂರಿ
ಬಹಳ ಹೊತ್ತು ಹುಡುಕಿದೆ.